ಸತ್ಯಾಂಶ: ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತಗೊಂಡರೆ ಮಕ್ಕಳಾಗುತ್ತವೆಯೇ?

ಟೆಸ್ಟೋಸ್ಟೆರಾನ್ ಅಂದರೆ ಗಂಡಸರ ಮುಖ್ಯ ಲೈಂಗಿಕ ಹಾರ್ಮೋನ್. ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಅದರ ಬಗ್ಗೆ ಈ ಸಂದೇಶ ಮತ್ತೆ ಮತ್ತೆ ಬರುತ್ತಿದೆ: 'ಗಂಡಸರಿಗೆ ಸುಸ್ತು ಅಂದರೆ ಟೆಸ್ಟೋಸ್ಟೆರಾನ್ ಕಡಿಮೆ. ಇಂಜೆಕ್ಷನ್ ತಗೊಳ್ಳಿ, ಶಕ್ತಿ ಬರುತ್ತೆ, ಮಕ್ಕಳೂ ಆಗುತ್ತವೆ.'

ಕೊನೆಯ ಮಾತಂತೂ ಪೂರ್ತಿ ಉಲ್ಟಾ. ಹೊರಗಿನಿಂದ ಟೆಸ್ಟೋಸ್ಟೆರಾನ್ ಬಂದರೆ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ವೃಷಣಗಳಿಗೆ ಸೂಚನೆ ಕಳಿಸುವುದನ್ನು ಕಡಿಮೆ ಮಾಡುತ್ತದೆ. ವೀರ್ಯಾಣುಗಳ ಸಂಖ್ಯೆ ಇಳಿಯುತ್ತದೆ, ಕೆಲವರಲ್ಲಿ ಸೊನ್ನೆಗೇ ಬರುತ್ತದೆ. ನಿಲ್ಲಿಸಿದ ಮೇಲೂ ಚೇತರಿಕೆಗೆ ತಿಂಗಳುಗಟ್ಟಲೆ ಬೇಕಾಗಬಹುದು. ಮಗುವಿಗಾಗಿ ಕಾಯುತ್ತಿರುವವರು ಇದನ್ನು ನಂಬಿಬಿಟ್ಟರೆ ಎಂದು ನನಗೆ ನಿಜಕ್ಕೂ ಭಯವಾಗುತ್ತದೆ.

ಇನ್ನು ಸುಸ್ತು. ಬೆಳಿಗ್ಗೆ 5ಕ್ಕೆ ಎದ್ದು ಲೋಕಲ್ ರೈಲು ಹಿಡಿದು, ರಾತ್ರಿ 10ಕ್ಕೆ ಮನೆ ಸೇರುವವರಿಗೆ ನಿದ್ದೆಯೇ ಸಾಲದು, ಅಲ್ವಾ? ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆಯಿಂದಲೂ ಸುಸ್ತಾಗುತ್ತದೆ.

ಟೆಸ್ಟೋಸ್ಟೆರಾನ್ ಬೆಳಿಗ್ಗೆ ಜಾಸ್ತಿ ಇರುತ್ತದೆ. ಅದಕ್ಕೇ 10 ಗಂಟೆಯೊಳಗೆ, ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ 2 ದಿನ ರಕ್ತ ಪರೀಕ್ಷೆ ಮಾಡಿಸಬೇಕು. ಎರಡು ಸಲವೂ ಡೆಸಿಲೀಟರ್‌ಗೆ ಸುಮಾರು 300 ನ್ಯಾನೋಗ್ರಾಂಗಿಂತ ಕಡಿಮೆ ಬಂದು, ಲಕ್ಷಣಗಳೂ ಇದ್ದರೆ ಕೊರತೆ ಎನ್ನುತ್ತಾರೆ. ಬೊಜ್ಜು ಇದ್ದವರಲ್ಲಿ ತೂಕ ಇಳಿದರೇ ಮಟ್ಟ ಏರುವುದುಂಟು. ನಿಜವಾದ ಕೊರತೆ ಇದ್ದವರಿಗೆ ಇಂಜೆಕ್ಷನ್, ಜೆಲ್ ಒಳ್ಳೆಯ ಚಿಕಿತ್ಸೆಯೇ. ಆದರೆ ಮಕ್ಕಳು ಬೇಕಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಅದಕ್ಕೆ ಬೇರೆ ಔಷಧಿಗಳಿವೆ.