ಮಕ್ಕಳ ಕೈಗೆ ಸೂಪರ್‌ಪವರ್ ಕೊಡೋ ಮೊದಲು

ಬೇಸಿಗೆ ರಜೆ ಬಂತು ಅಂದರೆ ನಮ್ಮ ದಾವಣಗೆರೆಯ ಚರ್ಚುಗಳಲ್ಲಿ ವಿಬಿಎಸ್, ಅಂದರೆ ಮಕ್ಕಳ ರಜೆ ಬೈಬಲ್ ಶಾಲೆ, ಶುರು. ಹಾಡು, ಕುಣಿತ, ಬಾಯಿಪಾಠ, ಮನೆಗೆ ಹೋಗುವಾಗ ಒಂದು ಬಿಸ್ಕೆಟ್ ಪ್ಯಾಕೆಟ್. ಈಚೆಗೆ ಇದಕ್ಕೆ ಪ್ರೊಜೆಕ್ಟರೂ ಸೇರಿದೆ. ಹೊರದೇಶದಿಂದ ಬಂದ ಕಾರ್ಟೂನುಗಳು. ಬಾಹ್ಯಾಕಾಶ ನೌಕೆಯಲ್ಲಿ ನಾಲ್ಕೈದು ಮಕ್ಕಳು, ಒಬ್ಬೊಬ್ಬರಿಗೂ ಒಂದೊಂದು ಸೂಪರ್‌ಪವರ್, ಎದುರಿಗೆ ಒಬ್ಬ ಕೆಟ್ಟ ವಿಜ್ಞಾನಿ, ಕೊನೆಗೆ ಒಂದು ಸತ್ಯವೇದದ (ಬೈಬಲಿನ) ವಾಕ್ಯ. ಮಕ್ಕಳು ಬಾಯಿಬಿಟ್ಟುಕೊಂಡು ನೋಡುತ್ತಾರೆ. ನಾನೂ ಹಿಂದಿನ ಬೆಂಚಲ್ಲಿ ಕೂತು ನೋಡುತ್ತೇನೆ. ಸೈನ್ಸ್ ಫಿಕ್ಷನ್ ಅಂದರೆ ನನಗೆ ಚಿಕ್ಕಂದಿನಿಂದಲೂ ಹುಚ್ಚು. ಹಾಗಾಗಿ ಇದು ಮಡಿವಂತಿಕೆಯ ಬರಹ ಅಂದ್ಕೋಬೇಡಿ. ಉದ್ದ ಇದೆ, ಪುರುಸೊತ್ತಿದ್ದವರು ಓದಿ.

ನನ್ನ ತಕರಾರು ಇಷ್ಟೇ. ಕ್ರೈಸ್ತ ಕತೆಯಲ್ಲಿ ಮಕ್ಕಳಿಗೆ ಸೂಪರ್‌ಪವರ್ ಕೊಡಿ, ಧಾರಾಳವಾಗಿ ಕೊಡಿ. ಆದರೆ ಆ ಪವರ್ರೇ ಕತೆಯ ತೊಂದರೆ ಆಗಬೇಕು. ಎಲ್ಲಾ ತೊಂದರೆಗೂ ಅದೇ ಮದ್ದು ಆಗಿಬಿಟ್ಟರೆ, ಕೊನೆಯಲ್ಲಿ ಎಷ್ಟು ವಾಕ್ಯ ಅಂಟಿಸಿದರೂ ಅದು ಕ್ರೈಸ್ತ ಕತೆ ಆಗುವುದಿಲ್ಲ.

ಇದು ಇವತ್ತಿನ ಜಗಳವೂ ಅಲ್ಲ. ಸೂಪರ್‌ಪವರ್ ಇರುವ ಮಗುವಿನ ಕ್ರೈಸ್ತ ಕತೆ ಎರಡನೇ ಶತಮಾನದಷ್ಟು ಹಿಂದೆಯೇ ಇತ್ತು. ಯೇಸುವಿನ ಶಿಷ್ಯ ತೋಮನ ಹೆಸರಲ್ಲಿ ಓಡಾಡಿದ ಯೇಸುವಿನ ಬಾಲ್ಯದ ಕತೆ ಅದು. ಸತ್ಯವೇದದಲ್ಲಿ ಅದಿಲ್ಲ. ಸಭೆ, ಅಂದರೆ ಚರ್ಚು, ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಕತೆ ಕೇಳಿದರೆ ಯಾಕೆ ಅಂತ ನಿಮಗೇ ಗೊತ್ತಾಗುತ್ತದೆ.

ಮಳೆ ಬಂದು ನಿಂತಿದೆ. ಐದು ವರ್ಷದ ಯೇಸು ಹಳ್ಳದ ದಂಡೆಯಲ್ಲಿ ಆಡುತ್ತಿದ್ದಾನೆ. ಹರಿಯೋ ನೀರನ್ನು ಸಣ್ಣ ಗುಂಡಿಗಳಿಗೆ ತಿರುಗಿಸಿ, ಮೆತ್ತಗಿನ ಜೇಡಿಮಣ್ಣಲ್ಲಿ ಹನ್ನೆರಡು ಗುಬ್ಬಿ ಮಾಡುತ್ತಾನೆ. ಅವತ್ತು ಸಬ್ಬತ್ತು, ಯೆಹೂದ್ಯರು ಕೆಲಸ ಮಾಡಬಾರದ ದಿನ. ಯಾರೋ ಹೋಗಿ ಯೋಸೇಫನಿಗೆ ಚಾಡಿ ಹೇಳುತ್ತಾರೆ. ಯೋಸೇಫ ಬಂದು ಗದರುತ್ತಾನೆ. ಹುಡುಗ ಚಪ್ಪಾಳೆ ತಟ್ಟುತ್ತಾನೆ. ಗುಬ್ಬಿಗಳು ಚಿಲಿಪಿಲಿ ಅಂತ ಹಾರಿಹೋಗುತ್ತವೆ. ಇಲ್ಲಿಗೆ ನಿಲ್ಲಿಸಿದ್ದರೆ ಎಷ್ಟು ಚಂದದ ಕತೆ, ಅಲ್ವಾ? ಮಣ್ಣಿನ ಹಕ್ಕಿಗೆ ಈಸಾ (ಯೇಸು) ಉಸಿರೂದಿದ ಮಾತು ಕುರಾನಿನಲ್ಲೂ ಬರುತ್ತದೆ.

ಆದರೆ ಕತೆ ನಿಲ್ಲುವುದಿಲ್ಲ. ಇನ್ನೊಬ್ಬ ಹುಡುಗ ಕೋಲು ತಗೊಂಡು ಆ ನೀರಿನ ಗುಂಡಿಗಳನ್ನು ಕೆಡಿಸುತ್ತಾನೆ. ಯೇಸುವಿಗೆ ಸಿಟ್ಟು ಬರುತ್ತದೆ, ಶಾಪ ಹಾಕುತ್ತಾನೆ. ಆ ಹುಡುಗ ನಿಂತಲ್ಲೇ ಒಣಗಿಹೋಗುತ್ತಾನೆ. ಮತ್ತೊಬ್ಬ ಓಡಿಬಂದು ಭುಜಕ್ಕೆ ಡಿಕ್ಕಿ ಹೊಡೆಯುತ್ತಾನೆ. ಅವನು ಸತ್ತೇಹೋಗುತ್ತಾನೆ. ಕೊನೆಗೆ ಊರವರು ಯೋಸೇಫನ ಹತ್ತಿರ ಬಂದು, ಒಂದೋ ಊರು ಬಿಡು, ಇಲ್ಲಾ ನಿನ್ನ ಮಗನಿಗೆ ಶಪಿಸೋದು ಬಿಟ್ಟು ಹರಸೋದು ಕಲಿಸು ಅಂತಾರೆ.

ಅದನ್ನು ಬರೆದವನು ಯಾರೋ ಏನೋ. ಆದರೆ ಮಕ್ಕಳನ್ನು ಹತ್ತಿರದಿಂದ ನೋಡಿದವನಿರಬೇಕು. ಐದು ವರ್ಷದ ಮಗುವಿಗೆ ಅಳತೆ ಇಲ್ಲದ ಶಕ್ತಿ ಕೊಟ್ಟರೆ ಏನಾಗುತ್ತದೆ ಅಂತ ನೇರವಾಗಿ ಬರೆದಿದ್ದಾನೆ. ಯಾವ ಬೀದಿಯಲ್ಲಿ ಬೇಕಾದರೂ ನಿಂತು ನೋಡಿ. ಕ್ರಿಕೆಟ್ಟಲ್ಲಿ ಔಟ್ ಕೊಟ್ಟಿದ್ದಕ್ಕೆ ಸಿಟ್ಟಾದ ಹುಡುಗನಿಗೆ ಆ ಗಳಿಗೆಯಲ್ಲಿ ಶಾಪದ ಶಕ್ತಿ ಇದ್ದಿದ್ದರೆ ಊರಲ್ಲಿ ಅಂಪೈರುಗಳೇ ಉಳಿಯುತ್ತಿರಲಿಲ್ಲ. ಮುಂದೆ ಆ ಕತೆಯಲ್ಲಿ ಹುಡುಗ ಸರಿಹೋಗುತ್ತಾನೆ, ತಾನೇ ಕೆಡಿಸಿದವರನ್ನು ವಾಸಿ ಮಾಡುತ್ತಾನೆ. ಕಟ್ಟಕಡೆಗೆ ಲೂಕನ ಸುವಾರ್ತೆಯ ದೃಶ್ಯಕ್ಕೇ ಬಂದು ಮುಗಿಯುತ್ತದೆ. ಹನ್ನೆರಡು ವರ್ಷದ ಯೇಸು ದೇವಾಲಯದಲ್ಲಿ ಬೋಧಕರ ನಡುವೆ ಕೂತು ಅವರ ಮಾತು ಕೇಳುತ್ತಾ, ಪ್ರಶ್ನೆ ಹಾಕುತ್ತಾ ಇದ್ದಾನೆ. ಹುಡುಗನಾಗಿದ್ದಾಗ ಯೇಸು ಏನು ಮಾಡಿದ ಅನ್ನೋದಕ್ಕೆ ಸಭೆ ಇಟ್ಟುಕೊಂಡಿದ್ದು ಇದೊಂದೇ ದೃಶ್ಯ. ಗುಬ್ಬಿಯನ್ನು ಹೊರಗೆ ಬಿಟ್ಟು ಪ್ರಶ್ನೆ ಕೇಳೋ ಹುಡುಗನನ್ನು ಒಳಗೆ ಕರಕೊಂಡರು.

ದೊಡ್ಡವನಾದ ಮೇಲೂ ಅಷ್ಟೇ. ಅಡವಿಯಲ್ಲಿ ಹಸಿದಿರುವಾಗ ಸೈತಾನ ಹೇಳೋದು ಏನು? ಕಲ್ಲನ್ನು ರೊಟ್ಟಿ ಮಾಡು, ದೇವಾಲಯದ ಮೇಲಿಂದ ಧುಮುಕು. ಎರಡೂ ಪಕ್ಕಾ ಸೂಪರ್‌ಹೀರೋ ಕೆಲಸಗಳು. ಎರಡಕ್ಕೂ ಆಗೋದಿಲ್ಲ ಅನ್ನುತ್ತಾನೆ. ಸತ್ಯವೇದದಲ್ಲಿ ಸೂಪರ್‌ಹೀರೋ ಅಂತ ಕರೆಯಬಹುದಾದವನು ಸಂಸೋನ ಒಬ್ಬ. ಬರಿಗೈಯಲ್ಲಿ ಸಿಂಹ ಸೀಳಿದವನು. ಅವನ ಕತೆ ಮುಗಿಯೋದು ಕಣ್ಣು ಕೀಳಿಸಿಕೊಂಡು, ಸೆರೆಮನೆಯಲ್ಲಿ ಬೀಸೋಕಲ್ಲು ತಿರುಗಿಸಿ, ಶತ್ರುಗಳ ಜೊತೆ ತಾನೂ ಕಲ್ಲಡಿಗೆ ಸಿಕ್ಕಿ. ಇನ್ನು ದುಡ್ಡು ಕೊಟ್ಟು ಪವರ್ ಕೊಂಡುಕೊಳ್ಳೋಕೆ ಬಂದ ಸಮಾರ್ಯದ ಸಿಮೋನನಿಗೆ ಯೇಸುವಿನ ಶಿಷ್ಯ ಪೇತ್ರ ಹೇಗೆ ಉಗಿದ ಅನ್ನೋದು ಅಪೊಸ್ತಲರ ಕೃತ್ಯಗಳ ಎಂಟನೇ ಅಧ್ಯಾಯದಲ್ಲಿದೆ, ಓದಿಕೊಳ್ಳಿ.

ಮತ್ತೆ ಸತ್ಯವೇದದಲ್ಲಿ ಮಕ್ಕಳು ಏನು ಮಾಡುತ್ತಾರೆ? ಯೋಹಾನನ ಸುವಾರ್ತೆಯಲ್ಲಿ ಒಬ್ಬ ಹುಡುಗ ಬರುತ್ತಾನೆ. ಐದು ಸಾವಿರ ಜನ ಹಸಿದಿರುವಾಗ ಅವನ ಹತ್ತಿರ ಜವೆಗೋದಿಯ ಐದು ರೊಟ್ಟಿ, ಎರಡು ಮೀನು ಇವೆ. ಅವನ ಹೆಸರೂ ನಮಗೆ ಗೊತ್ತಿಲ್ಲ. ಅವನಿಗೆ ಯಾವ ಶಕ್ತಿಯೂ ಇಲ್ಲ, ಬುತ್ತಿ ಇದೆ ಅಷ್ಟೇ. ಯೇಸು ಎಲ್ಲರಿಗೂ ಹಂಚಿದ್ದು ಅದನ್ನೇ. ಕುಷ್ಠ ಹಿಡಿದಿದ್ದ ಸೇನಾಪತಿ ನಾಮಾನನ ಮನೆಯಲ್ಲಿ ಕೆಲಸಕ್ಕಿದ್ದ ಸೆರೆಯ ಹುಡುಗಿಗೆ, ಅದನ್ನು ವಾಸಿ ಮಾಡೋ ಪ್ರವಾದಿ ಒಬ್ಬನಿದ್ದಾನೆ ಅನ್ನೋ ಸುದ್ದಿ ಗೊತ್ತಿತ್ತು, ಯಜಮಾನಿಗೆ ಹೇಳಿದಳು. ಸಾಹಸ ಕತೆಗೆ ಇಂಥ ಮಕ್ಕಳು ಸಾಕಾಗಲ್ಲ ಅಂತ ಯಾರು ಹೇಳಿದ್ದು?

ಸಾಕಾಗುತ್ತಾರೆ ಅನ್ನೋದಕ್ಕೆ ಒಂದು ಪುಸ್ತಕದ ಹೆಸರು ಹೇಳಲೇಬೇಕು. ಮ್ಯಾಡಲೀನ್ ಲೆಂಗಲ್ ಬರೆದ 'ಎ ರಿಂಕಲ್ ಇನ್ ಟೈಮ್', 1962ರದ್ದು. ಪ್ರಕಾಶಕರು ಒಬ್ಬರ ಮೇಲೊಬ್ಬರು ವಾಪಸ್ ಕಳಿಸಿದ್ದ ಪುಸ್ತಕ. ಆಮೇಲೆ 1963ರಲ್ಲಿ ಅಮೆರಿಕದ ದೊಡ್ಡ ಮಕ್ಕಳ ಪ್ರಶಸ್ತಿ ನ್ಯೂಬೆರಿ ಅದಕ್ಕೇ ಬಂತು. ಅದರಲ್ಲಿ ಐದು ವರ್ಷದ ಪುಟ್ಟ ತಮ್ಮನಿಗೆ ಬೇರೆಯವರ ಮನಸ್ಸು ಗೊತ್ತಾಗುತ್ತದೆ. ಬೇರೆ ಗ್ರಹದಲ್ಲಿ ಎಲ್ಲರನ್ನೂ ಒಂದೇ ತಾಳಕ್ಕೆ ಕುಣಿಸುವ ದುಷ್ಟ ಮಿದುಳಿನ ಕೈಗೆ ಮೊದಲು ಸಿಕ್ಕಿಬೀಳೋದು ಅವನೇ. ತನ್ನ ಶಕ್ತಿಯನ್ನು ನಂಬಿಯೇ ಕೆಡುತ್ತಾನೆ. ಬಿಡಿಸಿಕೊಂಡು ಬರೋದು ಕನ್ನಡಕದ, ಮುಂಗೋಪದ, ಶಾಲೆಯಲ್ಲಿ ಸದಾ ಬೈಸಿಕೊಳ್ಳೋ ಅಕ್ಕ. ಅವಳ ಹತ್ತಿರ ಇರೋದು ತಮ್ಮನ ಮೇಲಿನ ಪ್ರೀತಿ ಒಂದೇ. ತಮಾಷೆ ಏನಂದರೆ, ಇಷ್ಟು ಅಚ್ಚುಕಟ್ಟಾದ ಕ್ರೈಸ್ತ ಕತೆಗೆ ಜಾಸ್ತಿ ವಿರೋಧ ಮಾಡಿದ್ದೂ ಕ್ರೈಸ್ತರೇ. ಕತ್ತಲೆಯ ವಿರುದ್ಧ ಹೋರಾಡಿದವರ ಪಟ್ಟಿಯಲ್ಲಿ ಯೇಸುವಿನ ಜೊತೆ ಬುದ್ಧ, ಗಾಂಧಿ, ಐನ್‌ಸ್ಟೈನ್ ಹೆಸರು ಬಂತು ಅಂತ ಸಿಟ್ಟು.

ನಮ್ಮ ಕಡೆಯವರಿಗೆ ಇದೇನೂ ಹೊಸದಲ್ಲ ಬಿಡಿ. ಅಲ್ಲಮ, ಗೋರಕ್ಷನ ಕತೆ ಯಾರಿಗೆ ಗೊತ್ತಿಲ್ಲ? ತನ್ನದು ವಜ್ರದ ದೇಹ, ಬೇಕಾದರೆ ಕತ್ತಿಯಲ್ಲಿ ಹೊಡೆದು ನೋಡು ಅಂತಾನೆ ಗೋರಕ್ಷ. ಅಲ್ಲಮ ಹೊಡೆದರೆ ಖಣಿಲ್ ಅಂತ ಸದ್ದು, ಒಂದು ಕೂದಲೂ ಕೊಂಕಲ್ಲ. ಈಗ ನನಗೆ ಹೊಡಿ ಅಂತಾನೆ ಅಲ್ಲಮ. ಕತ್ತಿ ಬಯಲಲ್ಲಿ ಆಡಿದ ಹಾಗೆ ಆಚೆಯಿಂದ ಈಚೆಗೆ ಹೋಗಿಬರುತ್ತದೆ, ಏನೂ ತಗಲುವುದೇ ಇಲ್ಲ. ಅಲ್ಲಿಗೆ ಗೋರಕ್ಷನ ಗರ್ವ ಇಳಿಯುತ್ತದೆ. ಸೂಪರ್‌ಪವರ್ ಇರೋನು ಸೋಲೋ ಕತೆಯನ್ನು ನಮ್ಮ ಹಿರಿಯರು ಹಿಂಗೆ ಹೇಳಿಟ್ಟಿದ್ದಾರೆ. ನಮ್ಮ ಸಂಡೇ ಸ್ಕೂಲಲ್ಲೂ ಇದನ್ನು ಹೇಳಬಹುದು, ಯಾವ ದೇವರೂ ಬೇಜಾರು ಮಾಡಿಕೊಳ್ಳಲ್ಲ.

ಆಮದು ಕತೆಗಳಲ್ಲಿ ಇನ್ನೂ ಎರಡು ಮೂರು ವಿಷಯ ನನಗೆ ಹಿಡಿಸೋದಿಲ್ಲ. ಪ್ರಾರ್ಥನೆ ಅನ್ನೋದು ಅಲ್ಲಿ ಮೊಬೈಲ್ ರೀಚಾರ್ಜ್ ಥರ. ಪವರ್ ಮುಗಿಯಿತು, ಕಣ್ಣು ಮುಚ್ಚಿದ, ಫುಲ್ ಆಯ್ತು. ಗೆತ್ಸೆಮನೆ ತೋಟದಲ್ಲಿ ಪ್ರಾರ್ಥನೆ ಮಾಡಿದ ಯೇಸುವಿಗೆ ಸಿಕ್ಕಿದ್ದು ಶಿಲುಬೆ, ಅದನ್ನು ಮಕ್ಕಳಿಂದ ಯಾಕೆ ಮುಚ್ಚಿಡಬೇಕು? ವಿಜ್ಞಾನಿ ಯಾವಾಗಲೂ ವಿಲನ್ ಆಗಿರೋದು ಇನ್ನೊಂದು. ಬಟಾಣಿ ಗಿಡ ಬೆಳೆಸಿ ಅನುವಂಶೀಯತೆಯ ಲೆಕ್ಕ ಹಿಡಿದ ಮೆಂಡೆಲ್ ಒಬ್ಬ ಸನ್ಯಾಸಿ. ವಿಶ್ವ ಹಿಗ್ಗುತ್ತಿದೆ ಅಂತ 1927ರಲ್ಲೇ ಬರೆದ ಲೆಮೈತ್ರ್ ಒಬ್ಬ ಪಾದ್ರಿ. ಇಂಥವರಿರುವಾಗ ವಿಜ್ಞಾನಿಯನ್ನೇ ಕೆಟ್ಟವನು ಮಾಡೋದು ಸೋಮಾರಿತನ.

ಮೂರನೆಯದು ಸುಮ್ನೆ ಹೇಳಿ ಮುಂದೆ ಹೋಗೋ ವಿಷಯ ಅಲ್ಲ. ಈ ಕತೆಗಳಲ್ಲಿ ಪವರ್ ಇರೋರೆಲ್ಲಾ ನಮ್ಮವರು. ಕತ್ತಲೆಯ ಶಕ್ತಿ ಇರೋದು ಯಾವುದೋ ಹಳೇ ಗುಡಿಯಲ್ಲಿ, ಯಾವುದೋ ವಿಗ್ರಹದ ಕೆಳಗೆ. ಇದನ್ನು ಕನ್ನಡಕ್ಕೆ ತಂದು ನಮ್ಮ ಮಕ್ಕಳಿಗೆ ತೋರಿಸೋದು ಬೇಡವೇ ಬೇಡ. ನಮ್ಮ ಮಕ್ಕಳು ಪಕ್ಕದ ಮನೆಯ ಮಕ್ಕಳ ಜೊತೆ ಒಂದೇ ಆಟೋದಲ್ಲಿ ಶಾಲೆಗೆ ಹೋಗುತ್ತಾರೆ, ದುಗ್ಗಮ್ಮನ ಜಾತ್ರೆಯಲ್ಲಿ ಅವರ ಜೊತೆ ಮಂಡಕ್ಕಿ ತಿನ್ನುತ್ತಾರೆ. ಸೆಪ್ಟೆಂಬರ್ 8ಕ್ಕೆ ಹರಿಹರದ ಆರೋಗ್ಯ ಮಾತೆಯ ಹಬ್ಬಕ್ಕೆ ಹೋಗಿ ನೋಡಿ, ಮೇಣದಬತ್ತಿ ಹಿಡಿದು ನಿಂತವರಲ್ಲಿ ಯಾರು ಯಾವ ಜಾತಿ ಅಂತ ಹೇಳೋಕಾಗಲ್ಲ. ಅದೇ ಊರಲ್ಲಿ ಹರಿ, ಹರ ಇಬ್ಬರೂ ಒಂದೇ ಮೂರ್ತಿಯಲ್ಲಿ ನಿಂತಿದ್ದಾರೆ. ಇಂಥ ಕಡೆ ಕೂತು ಪಕ್ಕದವರ ದೇವರನ್ನು ವಿಲನ್ ಮಾಡೋ ಕತೆಯನ್ನು ಮಕ್ಕಳ ತಲೆಗೆ ತುಂಬೋದು ಪಾಪದ ಕೆಲಸ. ಪ್ರೊಜೆಕ್ಟರ್ ಆಫ್ ಮಾಡೋಕೆ ನಾನಂತೂ ಹಿಂದೆಮುಂದೆ ನೋಡಲ್ಲ.

ಹಾಗಾದರೆ ನೀವೇ ಬರೀರಿ ಅಂತೀರಾ? ನಾನಲ್ಲ, ಮಕ್ಕಳೇ ಬರೆಯುತ್ತಿದ್ದಾರೆ. ನಮ್ಮ ಸಂಡೇ ಸ್ಕೂಲಿನ ದೊಡ್ಡ ಮಕ್ಕಳು ಒಂದು ನೋಟ್‌ಬುಕ್ಕಲ್ಲಿ ಕತೆ ಶುರು ಮಾಡಿದ್ದಾರೆ. ಜಾಗ ಚಿತ್ರದುರ್ಗ ಜಿಲ್ಲೆ, ಚಳ್ಳಕೆರೆ ಕಡೆಯ ಕಾವಲು, ಅಂದರೆ ಹುಲ್ಲುಗಾವಲು. ಜಾಗ ಆರಿಸಿದ್ದಕ್ಕೇ ನಾನು ಶಭಾಷ್ ಅಂದೆ. ಇಸ್ರೋದ ರೆಕ್ಕೆಯ ವಾಹನ, ಅಂದರೆ ಮತ್ತೆ ಮತ್ತೆ ಬಳಸೋ ಬಾಹ್ಯಾಕಾಶ ವಾಹನದ ಮಾದರಿ, ತಾನೇ ತಾನಾಗಿ ಇಳಿದಿದ್ದು ಅಲ್ಲೇ. 2023ರ ಏಪ್ರಿಲ್ 2ರ ಬೆಳಗ್ಗೆ ಚಿನೂಕ್ ಹೆಲಿಕಾಪ್ಟರ್ ಅದನ್ನು ತೂಗಿಕೊಂಡು ಹೋಗಿ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟಿತು. 2024ರ ಜೂನ್‌ನ ಮೂರನೇ ಪ್ರಯೋಗದಲ್ಲಿ ಬೇಕಂತಲೇ ರನ್‌ವೇ ಗೆರೆಯಿಂದ 500 ಮೀಟರ್ ಪಕ್ಕಕ್ಕೆ ಬಿಟ್ಟರು. ಗಾಳಿಯೂ ಜೋರಿತ್ತು. ಅದು ತಾನೇ ದಾರಿ ಸರಿಮಾಡಿಕೊಂಡು, ಗಂಟೆಗೆ 320 ಕಿ.ಮೀ.ಗೂ ಜಾಸ್ತಿ ವೇಗದಲ್ಲಿ ನೆಲ ಮುಟ್ಟಿ, ಪ್ಯಾರಾಚೂಟ್ ಬಿಚ್ಚಿ ನಿಂತಿತು. ಆ ಪ್ರಯೋಗದ ಜಾಗದ ಕಾಂಪೌಂಡಿನ ಆಚೆ ಕುರಿ ಮೇಯುತ್ತಿರುತ್ತವೆ. ಕಾಂಪೌಂಡ್ ಬಂದಮೇಲೆ ಮೇವಿನ ಜಾಗ ಕಮ್ಮಿಯಾಯ್ತು ಅನ್ನೋದು ಆ ಹಳ್ಳಿಗಳ ಹಳೇ ದೂರು. ಮಕ್ಕಳು ಅದನ್ನೂ ಕತೆಯಲ್ಲಿ ತಂದಿದ್ದಾರೆ, ನಾನು ಹೇಳಿಕೊಟ್ಟಿದ್ದಲ್ಲ.

ಕತೆಯಲ್ಲಿ ಮೂರು ಮಕ್ಕಳು. ಒಬ್ಬ ಬಂಡೆ ಎತ್ತುತ್ತಾನೆ. ಇನ್ನೊಬ್ಬ ಹತ್ತಿರ ಬಂದರೆ ಮೆಷಿನ್‌ಗಳು ನಿಂತುಹೋಗುತ್ತವೆ, ಅದೂ ಹೆದರಿದಾಗ ಮಾತ್ರ. ಮೂರನೆಯವಳು ಕುರಿ ಕಾಯೋ ಹುಡುಗಿ, ಅವಳಿಗೆ ಏನೂ ಇಲ್ಲ. ಮೊದಲ ಅಧ್ಯಾಯದಲ್ಲಿ ಓಬವ್ವ ಕನಸಲ್ಲಿ ಬರುತ್ತಾಳೆ. ಚಿತ್ರದುರ್ಗ ಅಂದ ತಕ್ಷಣ ಓಬವ್ವ ಬರಲೇಬೇಕಾ ಅಂತ ಕೇಳಿದೆ. ಬರಲೇಬೇಕಂತೆ.

ಬಂಡೆ ಎತ್ತೋನ ಬಗ್ಗೆ ಒಂದು ಭಾನುವಾರ ಎಲ್ಲರೂ ಸೇರಿ ಲೆಕ್ಕ ಮಾಡಿದೆವು. ಒಂದು ಘನ ಮೀಟರ್ ಗ್ರಾನೈಟ್ ಸುಮಾರು 2.7 ಟನ್. ಅದನ್ನು ಹತ್ತು ಮೀಟರ್ ಎತ್ತರಕ್ಕೆ ಎತ್ತೋಕೆ ಎಷ್ಟು ಶಕ್ತಿ ಬೇಕು? ಸುಮಾರು 63 ಕಿಲೋಕ್ಯಾಲೊರಿ. ಒಂದು ಬೆಣ್ಣೆ ದೋಸೆಯಲ್ಲಿ ಅದಕ್ಕಿಂತ ಜಾಸ್ತಿ ಇರುತ್ತದೆ! ಮಕ್ಕಳು ನಂಬಲೇ ಇಲ್ಲ, ಇನ್ನೊಂದು ಸಲ ಮಾಡಿಸಿದರು. ತಿಂದಿದ್ದರಲ್ಲಿ ಕಾಲು ಭಾಗದಷ್ಟೇ ನಮ್ಮ ಸ್ನಾಯು ಕೆಲಸಕ್ಕೆ ಹಾಕುತ್ತದೆ ಅಂತ ಲೆಕ್ಕ ಹಿಡಿದರೂ ಒಂದೆರಡು ದೋಸೆಯಲ್ಲಿ ಮುಗಿಯಿತು. ತೊಂದರೆ ಇರೋದು ಒಂದೇ ಏಟಿಗೆ ಎತ್ತುತ್ತೀನಿ ಅನ್ನೋದರಲ್ಲಿ. ಮೂಳೆ ತಡೆಯಲ್ಲ. ಸನ್ನೆಕೋಲು, ಹಗ್ಗ, ಇಳಿಜಾರು, ನಾಲ್ಕು ಜನ, ಸ್ವಲ್ಪ ತಾಳ್ಮೆ ಇದ್ದರೆ ಅದೇ ಬಂಡೆ ಮೇಲೆ ಹೋಗುತ್ತದೆ. ಏಳು ಸುತ್ತಿನ ಕೋಟೆ ಕಟ್ಟಿದವರು ಮುದ್ದೆ ತಿಂದು ಎತ್ತಿದ್ದು ಹಿಂಗೇ ಇರಬೇಕು. ಬಂಡೆ ಎತ್ತೋ ಹುಡುಗನ ಪಾತ್ರ ಅವತ್ತಿಂದ ಸ್ವಲ್ಪ ಮಂಕಾಗಿದೆ. ಅದನ್ನು ಬರೀತಿದ್ದ ಹುಡುಗ ನನ್ನ ಮೇಲೆ ಮುನಿಸಿಕೊಂಡಿದ್ದಾನೆ.

ಕೊನೆಯ ಅಧ್ಯಾಯಕ್ಕೆ ದೊಡ್ಡ ಜಗಳ. ವಾಹನ ಆಕಾಶದಲ್ಲಿದೆ, ಮೆಷಿನ್ ನಿಲ್ಲಿಸೋ ಹುಡುಗ ಕೆಳಗೆ ಹೆದರಿ ನಡುಗುತ್ತಿದ್ದಾನೆ. ಅವನು ಹಾರಿಹೋಗಿ ವಾಹನ ಹಿಡೀಬೇಕು ಅನ್ನೋದು ಹುಡುಗರ ಪಟ್ಟು. ಅದಕ್ಕೆ ತಾನೇ ಇಳಿಯೋಕೆ ಬರುತ್ತದಲ್ಲ, ಇವನು ಕೈ ಹಾಕದೇ ಇದ್ದರೆ ಸಾಕು ಅಂದೆ. "ಬೋರ್ ಆಂಟಿ" ಅಂದರು. ಆಗ ಏಳನೇ ಕ್ಲಾಸಿನ ಹುಡುಗಿ ಒಬ್ಬಳು ಪೆನ್ನು ಕಿತ್ತುಕೊಂಡು ಬರೆದಳು. ಕುರಿ ಕಾಯೋ ಹುಡುಗಿ ಅವನ ಪಕ್ಕ ಕೂತು, ನಿನ್ನೆ ಹುಟ್ಟಿದ ಮರಿಯ ವಿಷಯ ಹೇಳ್ತಾ ಹೋಗುತ್ತಾಳೆ. ಅದರ ಕಿವಿ, ಅದರ ಕಾಲು, ಅದಕ್ಕೆ ಯಾವ ಹೆಸರಿಡೋಣ ಅಂತ. ಅವನು ಹೆಸರು ಯೋಚಿಸುತ್ತಾ ಹೆದರೋದು ಮರೆಯುತ್ತಾನೆ. ಅಷ್ಟರಲ್ಲಿ ವಾಹನ ಇಳಿದಿರುತ್ತದೆ.

ಇದನ್ನು ಓದಿ ಕೆಲವರು, ಇದರಲ್ಲಿ ಯೇಸುವಿನ ಹೆಸರೇ ಇಲ್ಲವಲ್ಲ ಅಂದರು. ಇರಲಿ ಬಿಡಿ, ನನಗೆ ಅದು ಇದ್ದ ಹಾಗೇ ಸರಿ ಅನಿಸುತ್ತದೆ. ಹುಡುಗರು ಮಾತ್ರ ಇನ್ನೂ ಒಪ್ಪಿಲ್ಲ. ಎರಡನೇ ಭಾಗದಲ್ಲಾದರೂ ಅವನು ಹಾರಲೇಬೇಕಂತೆ, ಅದರ ಮಾತುಕತೆ ನಡೀತಾ ಇದೆ. ಸದ್ಯಕ್ಕೆ ನಮಗೆ ಬೇಕಾಗಿರೋದು ಚಿತ್ರ ಬಿಡಿಸೋರು. ದಾವಣಗೆರೆಯವರಾದರೆ ಅನುಕೂಲ. ಹೆಲಿಕಾಪ್ಟರು, ರನ್‌ವೇ, ರೆಕ್ಕೆಯ ವಾಹನ ಎಲ್ಲಾ ಮಕ್ಕಳೇ ಚೆನ್ನಾಗಿ ಬಿಡಿಸಿದ್ದಾರೆ. ಕುರಿ ಮಾತ್ರ ಬಿಡಿಸೋಕೆ ಬರ್ತಿಲ್ಲ, ಬಿಡಿಸಿದ್ದೆಲ್ಲಾ ನಾಯಿ ಆಗಿದೆ.