ಸತ್ಯಾಂಶ: ಹಳೇ ಕಾರಿನ ಎಸಿಗೆ ‘ಹೊಸ ಗ್ಯಾಸ್ ತುಂಬಿದರೆ ಸಾಕು’ ಎಂಬುದು ನಿಜವೇ?

‘ಆರ್-12 ಕಾಲದ ಕಾರಿಗೆ ನೇರವಾಗಿ ಆರ್-134ಎ ತುಂಬಿಸಿ, ಬೇರೇನೂ ಬದಲಿಸಬೇಕಿಲ್ಲ’ ಎಂಬ ಸಂದೇಶ ಹರಿದಾಡುತ್ತಿದೆ. (ಆರ್-12 ಹಳೇ ಕಾರುಗಳ ಎಸಿ ಗ್ಯಾಸ್, ಆರ್-134ಎ ಅದರ ಬದಲಿಗೆ ಬಂದ ಗ್ಯಾಸ್.) ಇದು ಅರ್ಧಸತ್ಯ. ಆರ್-134ಎ ಬಳಸಬಹುದು, ಆದರೆ ತುಂಬಿಸಿಬಿಟ್ಟರೆ ಮುಗಿಯಲಿಲ್ಲ.

ತೊಂದರೆ ಇರುವುದು ಕಂಪ್ರೆಸರ್ (ಗ್ಯಾಸ್ ಒತ್ತುವ ಪಂಪ್) ಸವೆಯದಂತೆ ಕಾಯುವ ಎಣ್ಣೆಯಲ್ಲಿ. ಆರ್-12 ವ್ಯವಸ್ಥೆಯಲ್ಲಿರುವುದು ಮಿನರಲ್ ಆಯಿಲ್. ಅದು ಆರ್-134ಎ ಜೊತೆ ಬೆರೆಯುವುದಿಲ್ಲ. ಬೆರೆಯದ ಎಣ್ಣೆ ಗಾಳಿ ತಣಿಸುವ ಭಾಗವಾದ ಎವಾಪರೇಟರ್‌ನಲ್ಲೇ ಉಳಿದುಬಿಡುತ್ತದೆ, ಕಂಪ್ರೆಸರ್‌ಗೆ ಮರಳುವುದಿಲ್ಲ. ಮೊದಮೊದಲು ಗಾಳಿ ತಣ್ಣಗೇ ಬರುತ್ತದೆ, ಮೋಸ ಹೋಗುವುದು ಇಲ್ಲೇ. ಆಮೇಲೆ ಕಂಪ್ರೆಸರ್ ಒಣಗಿ ಜಾಮ್ ಆಗುತ್ತದೆ, ಸವೆದ ಲೋಹದ ಪುಡಿ ಗ್ಯಾಸಿನ ಬಿಸಿ ಹೊರಬಿಡುವ ಕಂಡೆನ್ಸರ್‌ಗೂ ಹರಡುತ್ತದೆ.

ಸರಿಯಾದ ಕ್ರಮ: ಉಳಿದ ಆರ್-12 ಅನ್ನು ಗಾಳಿಗೆ ಬಿಡದೆ ಯಂತ್ರದಿಂದ ಹಿಂಪಡೆಯಿರಿ, ಅದು ಓಝೋನ್ ಪದರಕ್ಕೆ ಹಾನಿಕರ. ಕಂಪ್ರೆಸರ್ ಬಿಚ್ಚಿ ಹಳೇ ಎಣ್ಣೆ ಸುರಿದು, ಪೈಪುಗಳನ್ನು ಫ್ಲಶ್ ಮಾಡಿ, ಎಸ್ಟರ್ ಆಯಿಲ್ ಹಾಕಿ. ಆರ್-134ಎ ಕಾರುಗಳ ಪಿಎಜಿ ಎಣ್ಣೆ ಬೇಡ, ಅದಕ್ಕೆ ಆರ್-12ರಿಂದ ಉಳಿದ ಕ್ಲೋರಿನ್ ಆಗಿಬರುವುದಿಲ್ಲ. ಎಚ್‌ಎನ್‌ಬಿಆರ್ ರಬ್ಬರಿನ ಓ-ರಿಂಗ್‌ಗಳು, ಎಕ್ಸ್‌ಎಚ್-7 ಅಥವಾ ಎಕ್ಸ್‌ಎಚ್-9 ಎಂಬ ತೇವ ಹೀರುವ ಹರಳಿನ ಹೊಸ ರಿಸೀವರ್ ಡ್ರೈಯರ್ (ಗ್ಯಾಸಿನ ತೇವ ತೆಗೆಯುವ ಡಬ್ಬಿ) ಕಡ್ಡಾಯ. ಡ್ರೈಯರ್‌ನ ಮುಚ್ಚಳವನ್ನು ಕೊನೆಗೆ, ಜೋಡಿಸುವ ಕ್ಷಣದಲ್ಲೇ ತೆಗೆಯಿರಿ; ಹರಳು ಗಾಳಿಯ ತೇವ ಹೀರಿಬಿಡುತ್ತದೆ. ನಂತರ ಕನಿಷ್ಠ 30–45 ನಿಮಿಷ ಪಂಪಿನಿಂದ ಒಳಗಿನ ಗಾಳಿ ಎಳೆದು (ವ್ಯಾಕ್ಯೂಮ್), ಪಂಪ್ ನಿಲ್ಲಿಸಿ, ಒತ್ತಡದ ಗೇಜಿನ ಮುಳ್ಳು ಏರುತ್ತದೆಯೇ ನೋಡಿ. ಏರಿದರೆ ಸೋರಿಕೆಯೋ ತೇವವೋ ಉಳಿದಿದೆ.

ಗ್ಯಾಸ್ ತೂಕ ಮಾಡಿಯೇ ತುಂಬಬೇಕು, ಹಳೇ ಪ್ರಮಾಣದ ಶೇ. 80–90ರಷ್ಟು. ಕಾರಿನ ಎಸಿ ಪಟ್ಟಿಯಲ್ಲಿ 1,000 ಗ್ರಾಂ ಆರ್-12 ಎಂದಿದ್ದರೆ 800 ಗ್ರಾಂನಿಂದ ಶುರು ಮಾಡಿ. ಪೂರ್ತಿ ತುಂಬಿದರೆ ಒತ್ತಡ ಏರಿ, ಟ್ರಾಫಿಕ್‌ನಲ್ಲಿ ನಿಂತಾಗ ಎಸಿ ಬಿಸಿಗಾಳಿ ಊದುತ್ತದೆ.