ರೋಸಾ ಲಕ್ಸೆಂಬರ್ಗ್ ಮತ್ತು ಟೊಂಕದ ಮರಳು

ಮಾರ್ಚ್ 8ರ ಮಹಿಳಾ ದಿನ ಬಂತು ಅಂದ್ರೆ ಹೊನ್ನಾವರದಿಂದ ಕಾರವಾರದವರೆಗೆ ನಮ್ಮ ಎಡಪಂಥೀಯ ಗೆಳೆಯರ ಗೋಡೆ ಮೇಲೆಲ್ಲ ಜರ್ಮನಿಯ ಕ್ರಾಂತಿಕಾರಿ ಸಮಾಜವಾದಿ ರೋಸಾ ಲಕ್ಸೆಂಬರ್ಗ್ ಫೋಟೊ. ಕೆಳಗೆ ಒಂದು ಹೇಳಿಕೆ, ಅದಕ್ಕೆ ನಾಕು ಲೈಕು. ಆಕೆ ಏನು ಬರೆದಳು ಮಾರಾಯ್ರೇ ಅಂತ ಕೇಳಿದ್ರೆ ಕೊಲೆಯ ಕಥೆ ಹೇಳ್ತಾರೆ. ಕೊಲೆ ಘೋರವೇ, ಇಲ್ಲ ಅನ್ನೋದಿಲ್ಲ. 1919ರ ಜನವರಿ 15ರ ರಾತ್ರಿ ಬರ್ಲಿನ್‌ನಲ್ಲಿ ಸೈನಿಕರು ಬಂದೂಕಿನ ಹಿಡಿಯಿಂದ ಹೊಡೆದು, ಗುಂಡಿಕ್ಕಿ, ಕಾಲುವೆಗೆ ಎಸೆದರು. ಆಗ ಸರ್ಕಾರ ನಡೆಸುತ್ತಿದ್ದದ್ದು ಆಕೆಯೇ ಎಷ್ಟೋ ವರ್ಷ ದುಡಿದ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ. 1914ರಲ್ಲಿ ಅದು ಮೊದಲ ಮಹಾಯುದ್ಧಕ್ಕೆ ಸಾಲ ಎತ್ತುವ ಪರವಾಗಿ ಮತ ಹಾಕಿದಾಗಲೇ ಋಣ ಹರಿದಿತ್ತು ಅನ್ನಿ.

ನನಗೆ ಹೆಚ್ಚು ಹಿಡಿಸೋದು ಪಾಠ ಹೇಳುವ ರೋಸಾ. ಹುಟ್ಟಿದ್ದು 1871ರಲ್ಲಿ, ರಷ್ಯಾದ ಕೈಕೆಳಗಿದ್ದ ಪೋಲೆಂಡಿನ ಯಹೂದಿ ಮನೆಯಲ್ಲಿ. ಚಿಕ್ಕಂದಿನ ಕಾಯಿಲೆಯಿಂದ ಕಾಲು ಕುಂಟು. ಜ್ಯೂರಿಕ್‌ನಲ್ಲಿ ಡಾಕ್ಟರೇಟ್, ಜರ್ಮನ್ ಪೌರತ್ವಕ್ಕಾಗಿ ಹೆಸರಿಗೊಂದು ಮದುವೆ. 1907ರಿಂದ ಪಕ್ಷದ ಶಾಲೆಯಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತಿದ್ದಳು. ಆ ಪಾಠಗಳನ್ನು ಪುಸ್ತಕ ಮಾಡಹೊರಟಾಗ ಮಾರ್ಕ್ಸ್‌ನ ಲೆಕ್ಕ ಒಂದು ಕಡೆ ತಾಳೆಯಾಗಲಿಲ್ಲ. ಕಾರ್ಮಿಕನಿಗೆ ಕೊಳ್ಳಲು ದುಡ್ಡಿಲ್ಲ, ಮಾಲೀಕ ಲಾಭವನ್ನೆಲ್ಲ ತಿಂದು ಮುಗಿಸೋದಿಲ್ಲ. ಹಾಗಾದರೆ ಮಿಕ್ಕ ಸರಕು ಯಾರಿಗೆ? 1913ರ 'ಬಂಡವಾಳದ ಸಂಚಯನ' ಕೊಟ್ಟ ಉತ್ತರ: ಬಂಡವಾಳಕ್ಕೆ ತನ್ನ ಹೊರಗಿನ ಲೋಕವೊಂದು ಸದಾ ಬೇಕು. ಹಳ್ಳಿಯ ಸಾಮೂಹಿಕ ಭೂಮಿ, ಕಾಡು, ಮನೆ ಕಸುಬು, ಎಲ್ಲವನ್ನೂ ಅದು ನುಂಗುತ್ತಲೇ ಹೋಗಬೇಕು. ಬ್ರಿಟಿಷರು ಭಾರತದ ಹಳ್ಳಿಗಳ ಭೂಮಿಗೆ ಮಾಡಿದ್ದೂ ಅದರಲ್ಲಿದೆ.

ನಮ್ಮ ಕಡೆ ಇದಕ್ಕೆ ಟಿಪ್ಪಣಿ ಬೇಕಿಲ್ಲ. ರಂಪಣಿ ಬಲೆ ನೆನಪಿದ್ದವರು ಇನ್ನೂ ಇದ್ದಾರೆ. ಊರಿಗೂರೇ ದಡದಲ್ಲಿ ನಿಂತು ಬಲೆ ಎಳೆಯೋದು, ಬಂದ ಬಂಗಡೆ ಪಾಲು ಹಾಕೋದು. 1970ರ ದಶಕದ ಕೊನೆಗೆ ಮೀನಿನ ಹಿಂಡನ್ನೇ ದೊಡ್ಡ ಬಲೆಯಿಂದ ಸುತ್ತುವರಿಯುವ ಪರ್ಸೀನ್ ಬೋಟುಗಳು ಬಂದವು. ಮೀನು ದಡಕ್ಕೆ ಬರುವ ಮೊದಲೇ ಬಾಚಿದವು. ಪಾಲುದಾರರಾಗಿದ್ದವರು ಬೋಟಿನ ಕೂಲಿಗೆ ಹೋದರು.

ಈಗ ದಡದ ಸರದಿ. ಹೊನ್ನಾವರದ ಪಕ್ಕದ ಕಾಸರಕೋಡ ಟೊಂಕದಲ್ಲಿ ಖಾಸಗಿ ಬಂದರಿಗೆ ಮೀನುಗಾರರ ವಿರೋಧ ಇರೋದು ಯಾಕೆ ಅಂತ ತಿಳಿಯಬೇಕಾದರೆ ಬಿಸಿಲೇರಿದ ಮೇಲೆ ಅಲ್ಲಿ ಹೋಗಿ ನೋಡಿ. ಮರಳ ಮೇಲೆ ಬಲೆ ಹಾಸಿ ಮೀನು ಹರವಿರ್ತಾರೆ. ಹೆಂಗಸರು ಸೊಂಟ ಬಗ್ಗಿಸಿ ಮಗುಚ್ತಾರೆ, ಮೋಡ ಕಂಡರೆ ತಾಡಪಾಲು ಎಳೀತಾರೆ. ಮಳೆಗಾಲದ ಒಣಮೀನು ವ್ಯಾಪಾರ ನಿಂತಿರೋದು ಆ ಮರಳ ಮೇಲೆ. ನಕ್ಷೆಯಲ್ಲಿ ಮಾತ್ರ ಅದು ಖಾಲಿ ಜಾಗ! 2020ರಲ್ಲಿ ಕಾರವಾರದವರು ಬಂದರು ವಿಸ್ತರಣೆ ವಿರುದ್ಧ ಬೀದಿಗಿಳಿದದ್ದೂ ಕಡಲತೀರ ಉಳಿಸಿಕೊಳ್ಳೋಕೇ.

ರೋಸಾಳ ಲೆಕ್ಕವೇ ತಪ್ಪು ಅಂತ ರಷ್ಯಾದ ಬೊಲ್ಶೆವಿಕ್ ನಾಯಕ ಬುಖಾರಿನ್ ಸೇರಿದಂತೆ ಮಾರ್ಕ್ಸ್‌ವಾದಿಗಳೇ ಬರೆದರು. ಸರಕು ಮಾರಾಟದ ಆ ಸಮೀಕರಣ ನನಗೂ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ದೋಚುವಿಕೆ ಬಂಡವಾಳಶಾಹಿಯ ಎಂದೋ ಮುಗಿದ ಪೀಠಿಕೆ ಅಲ್ಲ, ದಿನದಿನದ ವ್ಯವಹಾರ ಅಂದಳಲ್ಲ, ಅದನ್ನು ಅಲ್ಲಗಳೆಯುವವರು ಟೊಂಕದಲ್ಲಿ ಒಬ್ಬರೂ ಸಿಗಲಿಕ್ಕಿಲ್ಲ. ಮುಂದಿನ ಮಾರ್ಚಿಗೆ ಫೋಟೊ ಹಾಕಿ, ಬೇಡ ಅನ್ನೋದಿಲ್ಲ. ಜೊತೆಗೆ ಆ ಭಾರತದ ಅಧ್ಯಾಯವನ್ನು ಯಾರಾದರೂ ಕನ್ನಡದಲ್ಲಿ ಓದಿ ಹೇಳುವುದಾದರೆ ಸಭೆಗೆ ಕುರ್ಚಿ ಹಾಕುವ ಕೆಲಸ ನನ್ನದು.